ಬೆರಳ ತುದಿಯ ಅಗಲ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಮ್ಮ ಮನೆಯವರು ಬಹಳ ಕಾಲದಿಂದ ಹೋಗುವ ಬಟ್ಟೆ ಅಂಗಡಿಯೊಂದಿದೆ. ಗೌರಿ ಹಬ್ಬದ ಹಿಂದಿನ ವಾರ ಅಲ್ಲಿ ಬಿಲ್ಲಿಗೆ ಕಾಯುತ್ತ ನಿಂತಿದ್ದಾಗ ಮೂರು ಬಗೆಯ ಕೈಗಳು ಕಣ್ಣಿಗೆ ಬಿದ್ದವು. ಮುಂದಿನ ಕೌಂಟರಿನ ಹುಡುಗಿ ನಿಂತುಕೊಂಡೇ ಟಚ್‌ಸ್ಕ್ರೀನಿನ ದೊಡ್ಡ ದೊಡ್ಡ ಚೌಕಗಳನ್ನು ತಟ್ಟುತ್ತಿದ್ದಳು: ಸೀರೆ, ಬ್ಲೌಸ್ ಪೀಸ್, ಪಂಚೆ, ಯುಪಿಐ. ಒಳಗಿನ ಕೋಣೆಯಲ್ಲಿ ಲೆಕ್ಕ ಬರೆಯುವವರು ಟ್ಯಾಲಿ ತೆರೆದು ಕೂತಿದ್ದರು. ಮಾಲೀಕರು ಗಲ್ಲಾದ ಹಿಂದೆ ಫೋನು ಹಿಡಿದು ಹೆಬ್ಬೆರಳಿನಲ್ಲೇ ದಿನದ ವ್ಯಾಪಾರ ನೋಡುತ್ತಿದ್ದರು. ಲೆಕ್ಕ ಮೂವರದ್ದೂ ಒಂದೇ. ನನ್ನ ಸೀರೆಯ ಬಿಲ್ಲು ಆ ಮೂರು ಪರದೆಗಳಲ್ಲೂ ಹಾದುಹೋಯಿತು.

ಲೆಕ್ಕದವರ ಬಲಗೈ ಒಮ್ಮೆಯೂ ಮೌಸಿನ ಕಡೆ ಹೋಗಲಿಲ್ಲ. ಕೇಳಿಯೇಬಿಟ್ಟೆ. “ಮೌಸ್ ಮುಟ್ಟಿದ್ರೆ ಕೆಲಸ ನಿಧಾನ ಆಗತ್ತೆ ಮೇಡಂ,” ಎಂದರು. “ಎಫ್5 ಪೇಮೆಂಟು, ಎಫ್8 ಸೇಲ್ಸು, ಎಫ್9 ಪರ್ಚೇಸು. ಕಣ್ಣು ಬಿಲ್ ಮೇಲಿದ್ರೆ ಸಾಕು, ಕೈ ತಾನೇ ಹೋಗತ್ತೆ.”

ಟ್ಯಾಲಿ ನಮ್ಮ ಊರಿನದೇ ಕಂಪನಿ. 1986ರಲ್ಲಿ ಶುರುವಾದದ್ದು, ಕಚೇರಿ ಹೊಸೂರು ರಸ್ತೆಯಲ್ಲಿದೆ. ಮೌಸ್ ಅಪರೂಪವಾಗಿದ್ದ ಕಾಲದಲ್ಲಿ ಹುಟ್ಟಿದ ಆ ತಂತ್ರಾಂಶ, 2020ರಲ್ಲಿ ಟ್ಯಾಲಿಪ್ರೈಮ್ ಎಂಬ ಹೊಸ ರೂಪ ತಾಳಿದಾಗಲೂ ಎಫ್4ರಿಂದ ಎಫ್9ರವರೆಗಿನ ಆ ಕೀಲಿಗಳನ್ನು ಕದಲಿಸಲಿಲ್ಲ. ಲಕ್ಷಾಂತರ ಲೆಕ್ಕಿಗರ ಬೆರಳುಗಳಲ್ಲಿ ಕೂತಿರುವ ನೆನಪನ್ನು ಅಳಿಸದೆ ಉಳಿಸಿಕೊಂಡ ಆ ನಿರ್ಧಾರದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಯಾಕೆಂದರೆ ಕಳೆದ ಹದಿನೈದು ವರ್ಷಗಳಲ್ಲಿ ಕಂಪ್ಯೂಟರ್ ಜಗತ್ತಿನ ಅತಿ ದೊಡ್ಡ ಕಂಪನಿಗಳು ಇದಕ್ಕೆ ತೀರ ಎದುರಾದ ದಾರಿಯಲ್ಲಿ ನಡೆದು ನೋಡಿವೆ. ಮೇಜಿನ ಮೇಲಿನ ಕಂಪ್ಯೂಟರಿಗೂ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿಗೂ ಒಂದೇ ಆಪರೇಟಿಂಗ್ ಸಿಸ್ಟಮ್, ಒಂದೇ ಮುಖ ಎಂಬ ದಾರಿ ಅದು.

ಆಸೆ ಕೆಟ್ಟದ್ದೇನಲ್ಲ. ಒಂದು ಕಡೆ ಕಲಿತದ್ದು ಎಲ್ಲ ಕಡೆಯೂ ನಡೆಯಬೇಕು ಎಂದು ಯಾರಿಗೆ ಅನ್ನಿಸುವುದಿಲ್ಲ? ಮೈಕ್ರೋಸಾಫ್ಟ್ 2012ರ ಅಕ್ಟೋಬರ್ 26ರಂದು ಬಿಡುಗಡೆ ಮಾಡಿದ ವಿಂಡೋಸ್ 8ರ ಹಿಂದೆ ಇದ್ದದ್ದು ಈ ಆಸೆಯೇ. 1995ರಿಂದ ಎಡಗಡೆಯ ಕೆಳಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ಮಾಯವಾಯಿತು. ಅದರ ಜಾಗಕ್ಕೆ ಇಡೀ ಪರದೆ ತುಂಬುವ ಬಣ್ಣಬಣ್ಣದ ಚೌಕಗಳು ಬಂದವು. ಟ್ಯಾಬ್ಲೆಟ್ ಹಿಡಿದವರಿಗೆ ಅವು ಚೆಂದವಾಗಿದ್ದವು. ಬೆರಳಿಗೆ ಬೇಕಾದಷ್ಟು ಅಗಲ, ಪಕ್ಕಕ್ಕೆ ಸರಿಸಿದರೆ ಸರಾಗವಾಗಿ ಸರಿಯುವ ಓಟ. ಆದರೆ ಬಿಟಿಎಂ ಲೇಔಟಿನ ಸೈಬರ್ ಸೆಂಟರಿನಲ್ಲೋ ಬನಶಂಕರಿಯ ಆಡಿಟರ್ ಆಫೀಸಿನಲ್ಲೋ ಮೌಸು ಹಿಡಿದು ಕೂತವರಿಗೆ ಕಂಪ್ಯೂಟರನ್ನು ಆರಿಸುವುದು ಹೇಗೆಂಬುದೇ ಹೊಳೆಯಲಿಲ್ಲ. ಪರದೆಯ ಬಲ ಅಂಚಿನಲ್ಲಿ ಅಡಗಿದ್ದ ಪಟ್ಟಿಯನ್ನು ಹೊರಗೆಳೆದು, ಅದರೊಳಗೆ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿಂದ ಪವರ್ ಗುಂಡಿಗೆ ಬರಬೇಕಿತ್ತು. ಮರುವರ್ಷ ಅಕ್ಟೋಬರಿನಲ್ಲಿ ಬಂದ 8.1ರಲ್ಲಿ ಸ್ಟಾರ್ಟ್ ಬಟನ್ ಮರಳಿತು. 2015ರ ಜುಲೈನ ವಿಂಡೋಸ್ 10ರಲ್ಲಿ ಹಳೆಯ ಮೆನು ಕೂಡ ಹಿಂದಿರುಗಿತು.

ಎಡವಿದ್ದೆಲ್ಲಿ? ಹಳಬರು ಹೊಸದನ್ನು ಕಲಿಯಲು ಮನಸ್ಸು ಮಾಡಲಿಲ್ಲ ಎಂದು ಆಗ ಅನೇಕರು ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಅದೇ ಜನ ಅದೇ ವರ್ಷಗಳಲ್ಲಿ ಟಚ್ ಫೋನನ್ನು ಯಾರ ಪಾಠವೂ ಇಲ್ಲದೆ ಕಲಿತರು. ಕಾರಣ ಬೆರಳು ಮತ್ತು ಮೌಸಿನ ನಡುವಿನ ವ್ಯತ್ಯಾಸದಲ್ಲೇ ಇದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕೈಯ ಚಲನೆಯನ್ನು ಅಳೆದು ಒಂದು ನಿಯಮ ಕಂಡುಕೊಂಡ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ತಲುಪಲು ಹೊತ್ತು ಹೆಚ್ಚು ಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತೆನ್ನಿಸಬಹುದು. ಆದರೆ ಪರದೆಯ ಮೇಲೆ ಇದರ ಆಟ ಬೇರೆಯೇ. ಕೇರಂ ಬೋರ್ಡಿನಲ್ಲಿ ಕಾಯಿ ಎಷ್ಟೇ ಜೋರಾಗಿ ಓಡಿದರೂ ಚೌಕಟ್ಟು ದಾಟಿ ಹೋಗದಲ್ಲವೇ, ಮೌಸಿನ ಬಾಣವೂ ಹಾಗೆಯೇ ಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಮೂಲೆಯಲ್ಲಿರುವ ಗುಂಡಿ ಎಷ್ಟೇ ಚಿಕ್ಕದಿರಲಿ, ಗುರಿ ನೋಡದೆ ಬಾಣವನ್ನು ಅತ್ತ ತಳ್ಳಿದರೆ ಸಾಕು. ಬೆರಳಿಗೆ ಅಂಥ ಚೌಕಟ್ಟಿಲ್ಲ. ಅದು ಗಾಜು ದಾಟಿ ಮೇಜಿನ ಮೇಲೆ ಬೀಳುತ್ತದೆ. ಮೌಸಿಗೆ ಅತಿ ಸುಲಭವಾದ ಜಾಗ ಬೆರಳಿಗೆ ತ್ರಾಸದ ಜಾಗ. ವಿಂಡೋಸ್ 8 ಮೌಸಿನವರಿಗಾಗಿ ಮೂಲೆಗಳನ್ನೇ ಬಳಸಿತ್ತು, ನಿಜ. ಆದರೆ ಅಲ್ಲಿ ಕಣ್ಣಿಗೆ ಕಾಣುವ ಗುರುತನ್ನೇ ಇಡಲಿಲ್ಲ. ಎರಡು ಮಾನಿಟರ್ ಜೋಡಿಸಿಕೊಂಡು ಕೆಲಸ ಮಾಡುವವರ ಬಾಣವಂತೂ ಮೂಲೆಯಲ್ಲಿ ನಿಲ್ಲದೆ ಪಕ್ಕದ ಪರದೆಗೆ ಜಾರುತ್ತಿತ್ತು.

ಇನ್ನು ಅಗಲದ ಮಾತು. ಮೌಸಿನ ಬಾಣದ ಮೊನೆ ಒಂದೇ ಒಂದು ಚುಕ್ಕೆ. ಬೆರಳ ತುದಿ ಗಾಜಿಗೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅದಕ್ಕೇ ಆಪಲ್ ತನ್ನ ತಂತ್ರಾಂಶಗಾರರಿಗೆ ಯಾವ ಗುಂಡಿಯೂ 44 ಪಾಯಿಂಟಿಗಿಂತ ಚಿಕ್ಕದಿರಬಾರದು ಎನ್ನುತ್ತದೆ. ಆಂಡ್ರಾಯ್ಡಿನಲ್ಲಿ ಗೂಗಲ್ ಹೇಳುವ ಅಳತೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರಿಗೆ ಬರುತ್ತದೆ. ಲೆಕ್ಕಪತ್ರದ ಹಾಳೆಯೊಂದರ ಪ್ರತಿ ಮನೆಯನ್ನೂ ಈ ಅಳತೆಗೆ ಹಿಗ್ಗಿಸಿದರೆ ಒಂದು ನೋಟಕ್ಕೆ ಹತ್ತು ಹದಿನೈದು ಸಾಲು ಕಂಡರೆ ಹೆಚ್ಚು. ಲೆಕ್ಕ ಬರೆಯುವವರಿಗೆ ಬೇಕಿರುವುದು ನಲವತ್ತು ಸಾಲು. ಇಬ್ಬರಿಗೂ ಆಗಲಿ ಎಂದು ನಡುವಿನ ಅಳತೆ ಹಿಡಿದರೆ ಬೆರಳಿಗೂ ಇಕ್ಕಟ್ಟು, ಕಣ್ಣಿಗೂ ಕೊರತೆ.

ಬೆರಳು ತಾನು ಮುಟ್ಟುವುದನ್ನೇ ಮುಚ್ಚುತ್ತದೆ ಎಂಬುದು ಇನ್ನೊಂದು ಸಂಗತಿ. ಮೌಸಿನ ಬಾಣ ಒತ್ತುವ ಮೊದಲು ಮೇಲೆ ಸುಳಿದಾಡಬಲ್ಲದು. ಸುಳಿದಾಗ ಗುಂಡಿ ಬಣ್ಣ ಬದಲಿಸುತ್ತದೆ, ಅದೇನೆಂದು ಒಂದು ಸಾಲಿನ ವಿವರ ಮೂಡುತ್ತದೆ. ಒತ್ತುವುದಕ್ಕೆ ಮುಂಚೆ ವಿಚಾರಿಸಿಕೊಳ್ಳುವ ಆ ಅವಕಾಶ ಬೆರಳಿಗಿಲ್ಲ. ಮುಟ್ಟಿದರೆ ಮುಟ್ಟಿದಂತೆಯೇ. ಹೊಸದಾಗಿ ಕಲಿಯುತ್ತಿರುವ ವಯಸ್ಸಾದವರು ಟಚ್‌ಸ್ಕ್ರೀನಿನ ಮುಂದೆ ಬೆರಳನ್ನು ಗಾಳಿಯಲ್ಲಿ ತೇಲಿಸಿ ಹಿಂಜರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಅಂಜಿಕೆಗೆ ಕಾರಣವಿದೆ.

ತೋಳಿನ ಮಾತೂ ಇದೆ. ಬನಶಂಕರಿ ಮೆಟ್ರೋ ನಿಲ್ದಾಣದ ಟಿಕೆಟ್ ಯಂತ್ರದ ಮುಂದೆ ನಿಂತು, ಕನ್ನಡ ಆರಿಸಿ, ನ್ಯಾಷನಲ್ ಕಾಲೇಜಿಗೊಂದು ಟಿಕೆಟ್ ತೆಗೆಯಲು ಅರ್ಧ ನಿಮಿಷ ಸಾಕು. ತೋಳು ಎತ್ತಿದ್ದು ಗಮನಕ್ಕೂ ಬರುವುದಿಲ್ಲ. ಅದೇ ತೋಳನ್ನು ಮೇಜಿನ ಮೇಲೆ ನೆಟ್ಟಗೆ ನಿಂತ ಪರದೆಯತ್ತ ಎಂಟು ಗಂಟೆ ಚಾಚಿಕೊಂಡಿರಲು ಯಾರಿಂದಾದೀತು? 2010ರ ಅಕ್ಟೋಬರಿನಲ್ಲಿ ಸ್ಟೀವ್ ಜಾಬ್ಸ್ ತಮ್ಮ ಲ್ಯಾಪ್‌ಟಾಪುಗಳಿಗೆ ಟಚ್‌ಸ್ಕ್ರೀನ್ ಏಕಿಲ್ಲ ಎಂಬುದಕ್ಕೆ ಕೊಟ್ಟ ಕಾರಣ ಇದೇ. ಹಾಗೆ ಹೇಳಿದ ಆಪಲ್ ಮ್ಯಾಕಿಗೊಂದು ಐಪ್ಯಾಡಿಗೊಂದು ಎಂದು ಎರಡು ವ್ಯವಸ್ಥೆಗಳನ್ನು ಬೇರೆಬೇರೆಯಾಗಿಯೇ ಬೆಳೆಸಿತು; ಈಚೆಗೆ ಐಪ್ಯಾಡಿನಲ್ಲೂ ಕಿಟಕಿಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಲು ಬಿಟ್ಟಿದೆ. ಲಿನಕ್ಸ್ ಲೋಕದಲ್ಲಿ ಉಬುಂಟು 2011ರಿಂದ ಯೂನಿಟಿ ಎಂಬ ಮುಖವನ್ನು ಮುಂದಿಟ್ಟು, ಫೋನು, ಟ್ಯಾಬ್ಲೆಟ್, ಕಂಪ್ಯೂಟರ್ ಮೂರಕ್ಕೂ ಒಂದೇ ಆಗಲಿ ಎಂದು ಹೊರಟಿತ್ತು. 2013ರಲ್ಲಿ ಕಂಪ್ಯೂಟರೂ ಆಗಬಲ್ಲ ಫೋನಿಗಾಗಿ ಜನರಿಂದ 3.2 ಕೋಟಿ ಡಾಲರ್ ಕೇಳಿದಾಗ ಕೂಡಿದ್ದು ಅದರ ಅರ್ಧಕ್ಕಿಂತ ಕಡಿಮೆ. 2017ರ ಏಪ್ರಿಲಿನಲ್ಲಿ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಆ ಪ್ರಯತ್ನವನ್ನು ಕೈಬಿಟ್ಟದ್ದಾಗಿ ಪ್ರಕಟಿಸಿದರು.

ಇವೆಲ್ಲಕ್ಕೂ ಮುಂಚೆ, ಐಫೋನ್ ಬರುವುದಕ್ಕೂ ಮುಂಚೆ, ಬೆಂಗಳೂರಿನಲ್ಲೇ ಈ ಪ್ರಶ್ನೆಗೆ ಬೇರೊಂದು ಉತ್ತರ ತಯಾರಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ. ಅದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಅವರ ಜೊತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮಾದರಿ ಯಂತ್ರ ಹೊರಬಂತು. ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆ, 320ಕ್ಕೆ 240 ಚುಕ್ಕೆಗಳ ಕಪ್ಪುಬಿಳುಪಿನ ಪರದೆ, ಅದರ ಮೇಲೆ ಆಡಿಸಲು ಒಂದು ಕಡ್ಡಿ, ಒಬ್ಬೊಬ್ಬರ ಮಾಹಿತಿಯೂ ಅವರವರ ಬಳಿಯೇ ಇರಲೆಂದು ಸ್ಮಾರ್ಟ್ ಕಾರ್ಡ್. ಇಡೀ ಹಳ್ಳಿಗೆ ಒಂದೇ ಯಂತ್ರವಿದ್ದರೂ ಪ್ರತಿಯೊಬ್ಬರೂ ತಮ್ಮ ಕಾರ್ಡು ಸೇರಿಸಿ ತಮ್ಮದಾಗಿ ಬಳಸಬಹುದಿತ್ತು. ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿಹೇಳುವ ಏರ್ಪಾಡೂ ಇತ್ತು. ಗುರಿಯಿಟ್ಟ ಬೆಲೆ ಸುಮಾರು 9000 ರೂಪಾಯಿ.

ಒಳಗೆ ಓಡುತ್ತಿದ್ದದ್ದು ಲಿನಕ್ಸ್. ದೊಡ್ಡ ದೊಡ್ಡ ಸರ್ವರುಗಳಲ್ಲಿ ಓಡುವ ಅದೇ ಲಿನಕ್ಸ್. ಆದರೆ ಅದನ್ನು ಮಾಡಿದವರು ಮೇಜಿನ ಕಂಪ್ಯೂಟರಿನ ಪರದೆಯನ್ನು ಕುಗ್ಗಿಸಿ ಅಂಗೈಗೆ ತುರುಕಲಿಲ್ಲ. ಓದುಬರಹ ಬಾರದ ರೈತನೊಬ್ಬ ಕಡ್ಡಿ ಹಿಡಿದರೆ ಏನು ಮಾಡುತ್ತಾನೆ ಎಂಬಲ್ಲಿಂದ ಶುರುಮಾಡಿದರು. ಆ ಪರದೆಗೆಂದೇ ಬೇರೊಂದು ಗುರುತು ಭಾಷೆಯನ್ನು ರೂಪಿಸಿದರು. 2004ರ ಮಾರ್ಚಿನಲ್ಲಿ ಪಿಕೋಪೇಟ ಕಂಪನಿ ಬಿಇಎಲ್ ಜೊತೆ ಸೇರಿ ಅಮಿಡ ಎಂಬ ಸಿಂಪ್ಯೂಟರನ್ನು ಮಾರಾಟಕ್ಕೆ ತಂದಾಗ ಅದರಲ್ಲಿ ಯಂತ್ರವನ್ನು ವಾಲಿಸಿ ಪುಟ ತಿರುಗಿಸುವ ಸೌಲಭ್ಯವಿತ್ತು. ಫೋನನ್ನು ವಾಲಿಸಿದರೆ ಪರದೆಯೂ ತಿರುಗುವುದನ್ನು ಜಗತ್ತು ಬೆರಗಿನಿಂದ ನೋಡಿದ್ದು ಅದಾಗಿ ಮೂರು ವರ್ಷಕ್ಕೆ. ಸಿಂಪ್ಯೂಟರ್ ವ್ಯಾಪಾರದಲ್ಲಿ ಸೋತಿತು. ಕೆಲವೇ ಸಾವಿರ ಯಂತ್ರಗಳು ಮಾರಾಟವಾದವು, ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿ ಎಲ್ಲರ ಜೇಬಿಗೂ ಬಂದಿತ್ತು. ಆದರೂ ಒಳಗೆ ಒಂದೇ ಇದ್ದು ಹೊರಗೆ ಕೈಗೆ ತಕ್ಕಂತಿರಲಿ ಎಂಬ ಅವರ ತಿಳಿವಳಿಕೆಯಲ್ಲಿ ಸೋಲೇನೂ ನನಗೆ ಕಾಣುವುದಿಲ್ಲ.

ಇದನ್ನು ನಮ್ಮ ಸಂಗೀತದವರು ಇನ್ನೂ ಮುಂಚೆಯೇ ಕಂಡುಕೊಂಡಿದ್ದರು. ಜಯನಗರದಲ್ಲೋ ಬನಶಂಕರಿಯಲ್ಲೋ ರಾಮನವಮಿ ಕಛೇರಿಗೆ ಹೋದಾಗ ಪಿಟೀಲಿನವರು ಕೂತಿರುವ ಭಂಗಿಯನ್ನು ಗಮನಿಸಿ. ಪಶ್ಚಿಮದವರು ನಿಂತೋ ಕುರ್ಚಿಯಲ್ಲಿ ಕೂತೋ ಗಲ್ಲದ ಕೆಳಗೆ ಅದುಮಿ ಹಿಡಿಯುವ ವಾದ್ಯವದು. ನಮ್ಮವರು ಚಕ್ಕಂಬಕ್ಕಳ ಹಾಕಿ ಕೂತು, ಅದರ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿದರು. ಹಾಗೆ ಊರಿದ್ದರಿಂದ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸ ತಪ್ಪಿ, ಗಮಕಕ್ಕೆ ತಂತಿಯ ಮೇಲೆ ಸಲೀಸಾಗಿ ಜಾರುವಂತಾಯಿತು. ಮರ ಅದೇ, ತಂತಿ ಅದೇ, ಕಮಾನೂ ಅದೇ.

ಕನ್ನಡ ಬರೆಯುವ ನಮಗೆ ಈ ವಿಷಯ ದಿನವೂ ಕೈಗೆ ತಾಗುವಂಥದ್ದು. ‘ಅಕ್ಕಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಅದು ಐದು ಸಂಕೇತಗಳು: ಅ, ಕ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಮತ್ತೆ ಕ, ಗುಡಿಸು. ಫೋನಾಗಲಿ ಕಂಪ್ಯೂಟರಾಗಲಿ ಈ ಐದು ಬದಲಾಗುವುದಿಲ್ಲ. ಆದ್ದರಿಂದಲೇ ಇಲ್ಲಿ ಟೈಪಿಸಿದ್ದು ಅಲ್ಲಿ ಹಾಗೆಯೇ ಕಾಣುತ್ತದೆ. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ರೂಪಿಸಿದ ಕೀಲಿಮಣೆಯಲ್ಲಿ ಇದೇ ಪದಕ್ಕೆ ಐದು ಒತ್ತು: ಎ, ಕೆ, ಎಫ್, ಕೆ, ಐ. ಎಫ್ ಇಲ್ಲಿ ಒತ್ತಕ್ಷರದ ಕೊಂಡಿ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯನ್ನು ಶಿಫ್ಟ್ ಜೊತೆ. ವರ್ಣಮಾಲೆಯ ತರ್ಕವನ್ನೇ ಹತ್ತು ಬೆರಳಿಗೆ ಹಂಚಿದ ಈ ವಿನ್ಯಾಸವನ್ನು ಸರ್ಕಾರ ಪ್ರಮಾಣಿತವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ಹೋಯಿತು. ಲಿನಕ್ಸಿನಲ್ಲಿ ಇವತ್ತಿಗೂ ಅದು ‘ಕಗಪ’ ಎಂಬ ಹೆಸರಿನಲ್ಲೇ ಇದೆ.

ಅದೇ ವಿನ್ಯಾಸವನ್ನು ಗಾಜಿನ ಮೇಲೆ ಹಾಗೆಯೇ ಬಿಡಿಸಿಟ್ಟರೆ? ಫೋನಿಗೂ ಅಂಥ ಕೀಲಿಮಣೆಗಳು ಸಿಗುತ್ತವೆ, ಬಳಸಿ ನೋಡಿದ್ದೇನೆ. ಶಿಫ್ಟ್ ಹಿಡಿದುಕೊಳ್ಳಲು ಇನ್ನೊಂದು ಕೈಯ ಕಿರುಬೆರಳು ಇಲ್ಲಿ ಬಿಡುವಾಗಿಲ್ಲ, ಆದ್ದರಿಂದ ಪ್ರತಿ ಮಹಾಪ್ರಾಣಕ್ಕೂ ಎರಡೆರಡು ತಟ್ಟು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬು ತಡವಿ ಬೆರಳು ತನ್ನ ಮನೆ ಗುರುತಿಸುವಂತೆಯೂ ಇಲ್ಲ. ಕೀಲಿಯ ಅಗಲ ಬೆರಳ ತುದಿಯ ಅರ್ಧವೋ ಏನೋ. ಬರೆದುದನ್ನು ತಿದ್ದುವುದಂತೂ ಇನ್ನೂ ಕಷ್ಟ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿರುತ್ತದೆ, ಬೆರಳು ಮುಚ್ಚುವುದೂ ಸರಿಯಾಗಿ ಅಲ್ಲಿಯೇ. ‘ಅಕ್ಕ’ ‘ಅಕ್ಷ’ವಾಗಿದ್ದರೂ ಬೆರಳು ಎತ್ತಿದ ಮೇಲೆಯೇ ತಿಳಿಯುವುದು. ಮೇಜಿನ ಮೇಲಾದರೆ ಬಾಣದ ಕೀಲಿಗಳಿಂದ ಅಕ್ಷರ ಅಕ್ಷರವಾಗಿ ಹಿಂದಕ್ಕೆ ಹೋಗಬಹುದು.

ಇದಕ್ಕೆ ಬೆರಳಿನ ಕಡೆಯಿಂದ ಯೋಚಿಸಿದ ಉತ್ತರವೂ ಇದೆ. ಐಐಟಿ ಬಾಂಬೆಯವರು ಭಾರತೀಯ ಭಾಷೆಗಳಿಗೆ ಮಾಡಿದ ಸ್ವರಚಕ್ರ ಎಂಬ ಕೀಲಿಮಣೆ ಕನ್ನಡದಲ್ಲೂ ಬಂತು. ಅದರಲ್ಲಿ ‘ಕ’ದ ಮೇಲೆ ಬೆರಳಿಟ್ಟರೆ ಸುತ್ತ ಒಂದು ಚಕ್ರ ತೆರೆದು ಕಾ, ಕಿ, ಕೀ, ಕು ಎಂದು ಗುಣಿತಾಕ್ಷರಗಳು ಅರಳುತ್ತವೆ. ಬೇಕಾದತ್ತ ಬೆರಳು ಜಾರಿಸಿದರೆ ಮುಗಿಯಿತು. ಬಾಲ್ಯದಲ್ಲಿ ಕಾಗುಣಿತ ತಿದ್ದಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹೀಗೆ ಅಕ್ಷರಮಾಲೆಯ ಒಂದೇ ತರ್ಕದಿಂದ ಹತ್ತು ಬೆರಳಿಗೆ ಕೆ.ಪಿ. ರಾವ್ ವಿನ್ಯಾಸ ಹೊರಟರೆ, ಜಾರುವ ಒಂದು ಬೆರಳಿಗೆ ಚಕ್ರ ಹೊರಟಿತು. ಎರಡರಿಂದಲೂ ಕೊನೆಗೆ ಹೊಮ್ಮುವುದು ಅದೇ ಐದು ಸಂಕೇತಗಳು. ಆಪರೇಟಿಂಗ್ ಸಿಸ್ಟಮ್ ಕಟ್ಟುವವರಿಂದ ನಾನು ಬಯಸುವ ಏಕತೆ ಇಷ್ಟೇ: ಕಡತ ಒಂದೇ ಇರಲಿ, ಹೆಸರು ಒಂದೇ ಇರಲಿ, ಫೋನಿನಲ್ಲಿ ‘ಉಳಿಸಿ’ ಎಂದದ್ದು ಕಂಪ್ಯೂಟರಿನಲ್ಲಿ ‘ಸಂಗ್ರಹಿಸು’ ಆಗದಿರಲಿ. ಗುಂಡಿಯ ಅಳತೆ, ಜಾಗ, ಮುಟ್ಟುವ ರೀತಿ ಇವು ಮಾತ್ರ ಕೈಯನ್ನು ಕೇಳಿ ತೀರ್ಮಾನವಾಗಲಿ. ಕನ್ನಡದ ಗುಂಡಿಗಳಿಗಂತೂ ಇನ್ನೂ ಸ್ವಲ್ಪ ಎತ್ತರ ಬೇಕು. ಇಂಗ್ಲಿಷಿಗೆ ಅಳೆದ ಪಟ್ಟಿಯೊಳಗೆ ‘ಸೆಟ್ಟಿಂಗ್‌ಗಳು’ ಎಂದು ಬರೆದಾಗ ಒತ್ತಕ್ಷರದ ಕಾಲು ಕತ್ತರಿಸಿಹೋಗುವುದನ್ನು ಎಷ್ಟು ಪರದೆಗಳಲ್ಲಿ ನೋಡಬೇಕು?

ನನ್ನ ತಂದೆ ಸರ್ಕಾರಿ ಕಚೇರಿಯಲ್ಲಿದ್ದಾಗ ನುಡಿ ಕಲಿತು, ನಿವೃತ್ತಿಯ ದಿನದವರೆಗೂ ಅದರಲ್ಲೇ ಟಿಪ್ಪಣಿ ಬರೆದವರು. ಎರಡು ವರ್ಷದ ಹಿಂದೆ ಅವರಿಗೊಂದು ಟೂ-ಇನ್-ಒನ್ ಲ್ಯಾಪ್‌ಟಾಪ್ ತಂದುಕೊಟ್ಟೆ. ಮಡಿಸಿದರೆ ಟ್ಯಾಬ್ಲೆಟ್, ಬಿಡಿಸಿದರೆ ಕಂಪ್ಯೂಟರ್. ಸೋಫಾದ ಮೇಲೆ ಓದಲು ಅನುಕೂಲವಾದೀತು ಎಂದುಕೊಂಡಿದ್ದೆ. ಓದಲು ಅನುಕೂಲವೇ ಆಯಿತು. ಆದರೆ ಅರ್ಧ ಬರೆದ ಪತ್ರದೊಂದಿಗೆ ಅದನ್ನು ಮಡಿಸಿದರೆಂದರೆ, ಪರದೆಯ ಕೆಳಗಿನ ಅರ್ಧವನ್ನು ಗಾಜಿನ ಕೀಲಿಮಣೆ ಆವರಿಸಿಕೊಂಡು ಬರೆಯುತ್ತಿದ್ದ ಸಾಲೇ ಅದರಡಿ ಹೋಗುತ್ತಿತ್ತು. ಅದೂ ಅವರು ಕಲಿತ ಕೀಲಿಮಣೆಯಲ್ಲ, ಇನ್ನಾವುದೋ. “ಅಲ್ಲಮ್ಮ, ನಾನು ಬರೆದದ್ದು ಎಲ್ಲಿ ಹೋಯ್ತು ನೋಡು,” ಎಂದು ಕರೆಯುವರು. “ಎಲ್ಲೂ ಹೋಗಿಲ್ಲ ಅಪ್ಪ, ಕೆಳಗಿದೆ ಇರಿ,” ಎನ್ನುವೆ. ನಲವತ್ತು ವರ್ಷ ಕಡತ ನಿಭಾಯಿಸಿದ ಮನುಷ್ಯ ತನ್ನದೇ ಪತ್ರವನ್ನು ಮಗಳಿಂದ ಹುಡುಕಿಸಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ಅವರ ವ್ಯವಸ್ಥೆ ಬೇರೆಯಾಗಿದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಮಾನಿಟರೂ ದಪ್ಪ ಕೀಲಿಗಳ ಕೀಬೋರ್ಡೂ ಇವೆ. ಹೊರಗೆ ಹೊರಟರೆ ಫೋನು. ಎರಡಕ್ಕೂ ಒಂದೇ ಕಡತ. ಬೆಳಗ್ಗೆ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಎರಡು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಪತ್ರಿಕೆಗೆ ಪತ್ರ ಹೇಳಿ ಬರೆಸುತ್ತಾರೆ. ಅಲ್ಲಿ ಕೀಲಿಯ ಗೊಡವೆಯೇ ಇಲ್ಲ. ಮೊನ್ನೆ ಕಾಲುದಾರಿಯ ಕಲ್ಲುಗಳು ಕಿತ್ತುಹೋಗಿರುವ ಬಗ್ಗೆ ಬರೆಸಿದರು. ಮನೆಗೆ ಬಂದು ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತರು. ಪತ್ರ ಅಲ್ಲಿ ಕಾದಿತ್ತು.

“ಪರವಾಗಿಲ್ಲ, ಚೆನ್ನಾಗೇ ಕೇಳಿಸ್ಕೊಂಡಿದೆ. ‘ಮಳೆಗಾಲ’ ಒಂದನ್ನ ‘ಮಲೆಗಾಲ’ ಮಾಡಿಬಿಟ್ಟಿದೆ,” ಎಂದರು. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ, ತಪ್ಪನ್ನು ಅಳಿಸಿ, ಕಣ್ಣು ಪರದೆಯಿಂದ ತೆಗೆಯದೆ ಎಡಗೈಯ ಕಿರುಬೆರಳನ್ನು ಶಿಫ್ಟಿನ ಮೇಲೂ ಬಲಗೈಯ ಉಂಗುರಬೆರಳನ್ನು ಎಲ್ ಮೇಲೂ ಇಟ್ಟರು.